ಕೊಟ್ಟರಷ್ಟೇ ಸಾಲದು, ಕಲಿಸಬೇಕು

ಕಲಾ ಕಾಲೇಜಿನಲ್ಲಿ ಇತಿಹಾಸವನ್ನೋದುತ್ತಿರುವ ನಾನು ಔಷಧದ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ನಾನು ಹೇಳಬೇಕೆಂದಿರುವುದು ವೈದ್ಯದ ಮಾತಲ್ಲ, ವಿದ್ಯೆಯ ಮಾತು.

ನನ್ನ ದೊಡ್ಡಮ್ಮನವರು ಬೀಡಿ ಸಿಗರೇಟುಗಳನ್ನು ಮುಟ್ಟಿದವರಲ್ಲ. ಆದರೂ ನಲವತ್ತು ವರ್ಷ ಸೌದೆಯೊಲೆಯ ಹೊಗೆಯನ್ನುಂಡ ಫಲವಾಗಿ ಅವರ ಶ್ವಾಸಕೋಶ ಕೆಟ್ಟಿತು. ವೈದ್ಯರು ಇನ್‌ಹೇಲರನ್ನು ಬರೆದುಕೊಟ್ಟು, ಬೆಳಿಗ್ಗೆ ಎರಡು, ಸಂಜೆ ಎರಡು ಎಂದರು. ದೊಡ್ಡಮ್ಮನವರು ಅದನ್ನು ಬಾಯಿಗೆ ಹಿಡಿದು, ಒತ್ತಿ, ನಾಲಗೆಯ ಮೇಲೆ ಬಿದ್ದುದನ್ನು ನುಂಗಿ, "ಈ ಗಾಳಿಯಿಂದ ಏನಾದೀತು, ಮಗಾ?" ಎನ್ನುತ್ತಿದ್ದರು. ಏನೂ ಆಗಲಿಲ್ಲ. ಕೊನೆಗೆ ಅದನ್ನು ಗೂಡಿನಲ್ಲಿಟ್ಟು ಮರೆತರು.

ಒಂದು ಮಾಗಿಯ ರಾತ್ರಿ ಉಬ್ಬಸವೇರಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿನ ದಾದಿಯೊಬ್ಬರು, "ಅಮ್ಮಾ, ಇದನ್ನು ಹೇಗೆ ಎಳೆಯುತ್ತೀರಿ, ತೋರಿಸಿ ನೋಡೋಣ" ಎಂದರು. ಆ ಪ್ರಶ್ನೆಯನ್ನು ಕೇಳಿದವರಲ್ಲಿ ಅವರೇ ಮೊದಲಿಗರು. ಒಂದೇ ಮನೆಯಲ್ಲಿದ್ದ ನಾನೂ ಕೇಳಿರಲಿಲ್ಲ.

ಆಕೆ ಕಲಿಸಿದ್ದಿಷ್ಟು: ನೆಟ್ಟಗೆ ಕುಳಿತುಕೊಳ್ಳಬೇಕು. ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು. ಮೊದಲು ಉಸಿರನ್ನು ಪೂರ್ತಿ ಹೊರಕ್ಕೆ ಬಿಡಬೇಕು. ತುಟಿಗಳನ್ನು ಬಿಗಿಮಾಡಿ, ನಿಧಾನವಾಗಿ ಉಸಿರೆಳೆಯಲಾರಂಭಿಸಿ, ಆಗಲೇ ಒತ್ತಿ, ಎಳೆಯುತ್ತಲೇ ಹೋಗಬೇಕು. ಆಮೇಲೆ ಬಾಯಿ ಮುಚ್ಚಿ ಹತ್ತು ಎಣಿಸುವವರೆಗೆ, ಇಲ್ಲವೆ ಆದಷ್ಟು ಹೊತ್ತು, ಉಸಿರು ಹಿಡಿಯಬೇಕು. ಎರಡನೆಯ ಬಾರಿಗೆ ಅರ್ಧ ನಿಮಿಷವಾದರೂ ತಡೆಯಬೇಕು. ಸ್ಟೆರಾಯ್ಡ್ ಇರುವ ಮದ್ದಾದರೆ ಕೊನೆಯಲ್ಲಿ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬೂಷ್ಟಿನ ಹುಣ್ಣಾದೀತು. ಬೆರಳಿಗೂ ಉಸಿರಿಗೂ ಹೊಂದಿಕೆಯಾಗದವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯುಂಟು. ಪುಡಿಯ ಇನ್‌ಹೇಲರಿನ ರೀತಿಯೇ ಬೇರೆ. ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು.

ಒತ್ತುವ ಇನ್‌ಹೇಲರು ಮೊದಲು ಮಾರಾಟಕ್ಕೆ ಬಂದುದು 1956ರಲ್ಲಿ, ಅಮೆರಿಕದಲ್ಲಿ. ಇಷ್ಟು ವರ್ಷಗಳಾದರೂ ನಮ್ಮ ಜನ ಅದನ್ನು ಕಡೆಗಾಲದ ಮದ್ದೆಂದೂ, ಹಿಡಿದರೆ ಬಿಡದ ಚಟವೆಂದೂ ಅಂಜುತ್ತಾರೆ. ಬಸ್ಸಿನಲ್ಲಿ ಉಬ್ಬಸ ಬಂದರೂ ಸೆರಗಿನ ಮರೆಯಲ್ಲಿ ಬಚ್ಚಿಡುತ್ತಾರೆ. ಮದ್ದು ನೇರವಾಗಿ ಶ್ವಾಸನಾಳಕ್ಕೇ ಹೋಗುವುದರಿಂದ ಮಾತ್ರೆಗಿಂತ ಬಹು ಕಡಮೆ ಪ್ರಮಾಣ ಸಾಕೆಂಬುದನ್ನು ಯಾರೂ ಅವರಿಗೆ ತಿಳಿಸಿಲ್ಲ. 200 ಬಾರಿಯ ಡಬ್ಬಿ ದಿನಕ್ಕೆ ನಾಲ್ಕರಂತೆ 50 ದಿನಕ್ಕೆ ಮುಗಿಯುತ್ತದೆ, ಆಮೇಲೂ ಹಬೆ ಬಂದರೂ ಅದರಲ್ಲಿ ಮದ್ದನ್ನು ನಂಬುವಂತಿಲ್ಲ ಎಂಬ ಸಣ್ಣ ಲೆಕ್ಕವನ್ನೂ ಹೇಳಿಲ್ಲ.

ಸಾಲುಗಟ್ಟಿ ನಿಂತ ರೋಗಿಗಳ ನಡುವೆ ವೈದ್ಯರಿಗೆ ಪುರಸೊತ್ತೆಲ್ಲಿ ಎಂದು ಕೆಲವರು ಕೇಳಬಹುದು. ಮಾತು ನಿಜ. ಆದರೆ ಐದು ನಿಮಿಷ ಉಳಿಸಲು ಹೋಗಿ ತಿಂಗಳುಗಟ್ಟಲೆಯ ಮದ್ದನ್ನು ಗಾಳಿಗೆ ತೂರುವುದು ಯಾವ ಉಳಿತಾಯ? ದಾದಿಯರು ಕಲಿಸಬಹುದು, ಔಷಧದಂಗಡಿಯವರೂ ಕಲಿಸಬಹುದು. ಒಮ್ಮೆ ಕಲಿತದ್ದು ಮರೆಯುವುದು ಸಹಜ. ಆದುದರಿಂದ ಹೋದಾಗಲೆಲ್ಲ "ತೋರಿಸಿ" ಎಂದು ಕೇಳುವ ಪದ್ಧತಿ ಬರಬೇಕೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ನಮಗೇ ಸಲ್ಲತಕ್ಕದ್ದು. ದೊಡ್ಡಮ್ಮನವರ ಡಬ್ಬಿಯೊಳಗೆ ಮಡಿಸಿಟ್ಟಿದ್ದ ಇಂಗ್ಲಿಷ್ ಚೀಟಿಯಲ್ಲಿ ಈ ಕ್ರಮವೆಲ್ಲ ಚಿತ್ರಸಹಿತ ಅಚ್ಚಾಗಿತ್ತು. ಅದನ್ನು ಓದಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ. ಪರೀಕ್ಷೆಗೆಂದು ಎಷ್ಟೋ ಪುಟಗಳನ್ನು ಬಾಯಿಪಾಠ ಮಾಡಿದ ನಾನು ಆ ಒಂದು ಹಾಳೆಯನ್ನು ಬಿಡಿಸಿ ನೋಡಲಿಲ್ಲ.

ದೊಡ್ಡಮ್ಮನವರ ಕಾಯಿಲೆ ಪೂರ್ತಿ ವಾಸಿಯಾಗುವಂಥದಲ್ಲ. ಆದರೆ ಈಗ ಅವರು ನಡುವೆ ಕೂರದೆ ದೇವಸ್ಥಾನದವರೆಗೆ ನಡೆದುಹೋಗುತ್ತಾರೆ. ಸೋದರ ಸೋದರಿಯರೇ, ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮನೆಯ ಗೂಡಿನಲ್ಲಿಯೂ ಅಂಥ ಡಬ್ಬಿಯೊಂದಿದ್ದರೆ, ಹಿರಿಯರ ಬಳಿ ಕುಳಿತು, "ಹೇಗೆ ಎಳೆಯುತ್ತೀರಿ, ತೋರಿಸಿ" ಎಂದು ಒಮ್ಮೆ ಕೇಳಿರಿ.