ದೋಷಪೂಜೆ

ಹೋಲ್ಗಾ, ಡಯಾನಾ ಎಂಬ ಪ್ಲಾಸ್ಟಿಕ್ ಕ್ಯಾಮರಾಗಳಲ್ಲಿ ೧೨೦ ನಂಬರಿನ ಅಗಲವಾದ ಫಿಲ್ಮನ್ನು ತುಂಬಿ ಛಾಯಾಚಿತ್ರ ತೆಗೆಯುವ ಒಂದು ಪಂಥವು ಲೋಕದ ನಾನಾ ನಗರಗಳಲ್ಲಿ ಬೇರೂರಿ ಕೆಲವು ದಶಕಗಳಾದುವು. ಚಿತ್ರವು ಎಷ್ಟು ಮಸಕಾಗಿ, ಎಷ್ಟು ಕಲೆ ಬಿದ್ದು ಬಂದರೆ ಅಷ್ಟು ಶ್ರೇಷ್ಠವೆಂಬುದು ಈ ಪಂಥದಲ್ಲಿ ಹಲವರ ಸಿದ್ಧಾಂತ. ಪೆಟ್ಟಿಗೆಯ ಮೇಲೆ ನನಗೆ ಕೋಪವಿಲ್ಲ; ಸಿದ್ಧಾಂತವು ಮಾತ್ರ ಸುಳ್ಳೆಂದು ನನ್ನ ನಿಶ್ಚಯ.

ಈ ಪೆಟ್ಟಿಗೆಗಳ ಹುಟ್ಟನ್ನು ಮೊದಲು ತಿಳಿಯಬೇಕು. ಡಯಾನಾ ಎಂಬುದು ೧೯೬೦ರ ದಶಕದಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾಗಿ, ಒಂದೆರಡು ಡಾಲರಿಗೆ ಬಿಕರಿಯಾಗುತ್ತಿದ್ದ ಅಗ್ಗದ ಸಾಮಾನು. ೧೯೮೦ರ ದಶಕದ ಆರಂಭದಲ್ಲಿ ಹೋಲ್ಗಾ ಅಲ್ಲಿಯೇ ಹುಟ್ಟಿತು. ಚೀನಾದೇಶದ ಸಾಮಾನ್ಯ ಜನರು ಕೈಗೆಟಕುವ ಬೆಲೆಗೆ ತಮ್ಮವರ ಚಿತ್ರ ತೆಗೆದುಕೊಳ್ಳಲೆಂಬುದೇ ಅದರ ಉದ್ದೇಶ. ದೂರವನ್ನು ಹೊಂದಿಸಲು ಮಸೂರದ ಸುತ್ತ ನಾಲ್ಕು ಗುರುತುಗಳಿವೆ: ಒಬ್ಬ ಮನುಷ್ಯ, ಒಂದು ಸಂಸಾರ, ಒಂದು ಗುಂಪು, ಒಂದು ಬೆಟ್ಟ. ಅಕ್ಷರ ಬಾರದವನಿಗೂ ತಿಳಿಯುವ ಉಪಾಯವಿದು.

ಆದರೆ ಅಗ್ಗದ ವಸ್ತುವಿಗೆ ಅಗ್ಗದ ಕೊರತೆಗಳು ತಪ್ಪವು. ಮಸೂರವು ಒಂದೇ ಪ್ಲಾಸ್ಟಿಕ್ ತುಂಡಾದುದರಿಂದ ಚಿತ್ರದ ಅಂಚುಗಳು ಮಸಕಾಗುತ್ತವೆ, ಮೂಲೆಗಳು ಕಪ್ಪಾಗುತ್ತವೆ. ಹಿಂಬದಿಯ ಮುಚ್ಚಳವು ಬಿಗಿಯಾಗಿ ಕೂಡದೆ, ಬೆಳಕು ಸೋರಿ ಫಿಲ್ಮಿನ ಮೇಲೆ ಪಟ್ಟೆ ಬೀಳುತ್ತದೆ. ಸುರುಳಿಯನ್ನು ಮುಂದೆ ಸರಿಸಲು ಮರೆತರೆ ಒಂದರ ಮೇಲೊಂದು ಚಿತ್ರ ಮೂಡುತ್ತದೆ. ಇವುಗಳಲ್ಲಿ ಒಂದನ್ನೂ ಕಲೆಗಾಗಿ ಇಟ್ಟದ್ದಲ್ಲ. ಬೆಲೆ ತಗ್ಗಲೆಂದು ಸಹಿಸಿಕೊಂಡದ್ದು.

ಇಲ್ಲಿ ಪೂರ್ವಪಕ್ಷದವರು ಹೇಳುವುದೇನೆಂದರೆ: “ಈಚಿನ ಯಂತ್ರಗಳು ಎಲ್ಲವನ್ನೂ ನಿರ್ದಯವಾಗಿ ಸ್ಪಷ್ಟಪಡಿಸುತ್ತವೆ, ನಮ್ಮ ಪೆಟ್ಟಿಗೆಯಾದರೋ ಆಕಸ್ಮಿಕವನ್ನು ಕೊಡುತ್ತದೆ, ಆಕಸ್ಮಿಕವೇ ಕಲೆ.” ಕನ್ನಡದಲ್ಲಿ ಕಲೆಯೆಂಬ ಮಾತಿಗೆ ಎರಡರ್ಥ. ಬಟ್ಟೆಗೆ ತಗಲುವ ಕಲೆ ಅಚ್ಚ ಕನ್ನಡದ್ದು; ಮನುಷ್ಯನು ಅಭ್ಯಾಸದಿಂದ ಪಡೆಯುವ ಕಲೆ ಸಂಸ್ಕೃತದಿಂದ ಬಂದದ್ದು. ಈ ಮಹನೀಯರು ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ಗುಣದೋಷಗಳ ಈ ವಿವಾದವನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ವಿಚಾರಿಸಿದ್ದಾರೆ. ಕೆಲವು ದೋಷಗಳು ಅನಿತ್ಯವೆಂದು ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ನಿರ್ಣಯಿಸಿದನು. ಕಿವಿಗೆ ಕಠೋರವಾದ ಶಬ್ದವು ಶೃಂಗಾರದಲ್ಲಿ ತ್ಯಾಜ್ಯ; ರೌದ್ರದಲ್ಲಿ ಹಾಗಲ್ಲ. ಎಂದಮೇಲೆ ತೀರ್ಪು ಕೊಡತಕ್ಕದ್ದು ರಸವೇ ಹೊರತು ದೋಷವಲ್ಲ. ಕಠೋರ ಶಬ್ದಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಯಾರೂ ಕವಿಯಾಗಲಾರರು.

ಅಮೆರಿಕದ ನ್ಯಾನ್ಸಿ ರೆಕ್ಸ್‌ರಾತ್ ಎಂಬಾಕೆ ೧೯೭೭ರಲ್ಲಿ ‘ಅಯೋವಾ’ ಎಂಬ ಚಿತ್ರಗ್ರಂಥವನ್ನು ಪ್ರಕಟಿಸಿದಳು. ಚಿತ್ರಗಳನ್ನು ತೆಗೆದುದು ಡಯಾನಾದಿಂದ, ಅದೂ ಹೆಚ್ಚಾಗಿ ಒಹಾಯೋ ಪ್ರಾಂತದಲ್ಲಿ. ಹೆಸರು ಮಾತ್ರ ಬಾಲ್ಯದಲ್ಲಿ ಬಂಧುಗಳನ್ನು ನೋಡಲು ಹೋಗುತ್ತಿದ್ದ ನಾಡಿನದು. ನೆನಪಿನ ಅಂಚು ಮಸಕಾಗಿರುವುದು ಸಹಜ; ಆದುದರಿಂದ ಅಲ್ಲಿ ಮಸಕು ಉಚಿತವಾಯಿತು. ೨೦೦೦ದ ಚುನಾವಣೆಯ ಕಾಲದಲ್ಲಿ ಡೇವಿಡ್ ಬರ್ನೆಟ್ ಎಂಬ ಪತ್ರಿಕಾ ಛಾಯಾಗ್ರಾಹಕನು ಆಲ್ ಗೋರ್ ಅವರ ಚಿತ್ರವೊಂದನ್ನು ಹೋಲ್ಗಾದಿಂದ ತೆಗೆದು ಬಹುಮಾನ ಪಡೆದನು. ಆ ಬಹುಮಾನವು ಸಂದದ್ದು ಪೆಟ್ಟಿಗೆಗಲ್ಲ. ವಿಯಟ್ನಾಂ ಯುದ್ಧದ ಕಾಲದಿಂದಲೂ ಪಳಗಿದ್ದ ಕಣ್ಣಿಗೆ.

ಇನ್ನೊಂದು ಮಾತು. ಈಗ ಕಿಸೆಯ ಮೊಬೈಲ್ ಫೋನೇ ಕಪ್ಪು ಮೂಲೆ, ಬೆಳಕಿನ ಪಟ್ಟೆ ಎಲ್ಲವನ್ನೂ ಕ್ಷಣದಲ್ಲಿ ಬಳಿದು ಕೊಡುತ್ತದೆ. ದೋಷವೇ ಕಲೆಯಾಗಿದ್ದರೆ ಪೆಟ್ಟಿಗೆಯೂ ಬೇಡ, ಫಿಲ್ಮೂ ಬೇಡ. ಪೂರ್ವಪಕ್ಷದವರೂ ಇದನ್ನು ಒಪ್ಪಲಾರರು. ಒಪ್ಪದಿದ್ದರೆ ಪೆಟ್ಟಿಗೆಯ ಗುಣವು ಬೇರೆಲ್ಲೋ ಇದೆಯೆಂದು ಅವರೇ ಹೇಳಿದಂತಾಯಿತು.

ಅದಿರುವುದು ಪೆಟ್ಟಿಗೆಯ ಬಡತನದಲ್ಲಿ. ಹೋಲ್ಗಾದಲ್ಲಿ ಆರು ಸೆಂಟಿಮೀಟರಿನ ಚೌಕ ಚಿತ್ರಗಳು ಒಂದು ಸುರುಳಿಗೆ ಹನ್ನೆರಡೇ. ಬೆಳಕನ್ನು ಅಳೆಯುವ ಸಾಧನ ಅದರಲ್ಲಿಲ್ಲ. ಅಂತರವನ್ನು ಕಣ್ಣಳತೆಯಿಂದಲೇ ಅಂದಾಜು ಮಾಡಬೇಕು. ತೆಗೆದುದನ್ನು ಒಡನೆಯೇ ನೋಡಿ ತಿದ್ದುವಂತಿಲ್ಲ. ಯಂತ್ರವು ಮಾಡದ ಕೆಲಸವೆಲ್ಲ ಮನುಷ್ಯನ ಮೇಲೆ ಬೀಳುತ್ತದೆ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯನಿಲ್ಲ. ಇಂತಹ ಉಪಾಧ್ಯಾಯನ ಬಳಿ ಕುಳಿತು ಅವನ ವಿದ್ಯೆಯನ್ನು ಬಿಟ್ಟು ಕುಂಟುನಡೆಯನ್ನು ಮಾತ್ರ ಕಲಿತು ಬರುವ ಶಿಷ್ಯನಿಗೆ ಏನೆನ್ನೋಣ?

ನಮ್ಮ ದೇಶದಲ್ಲಿಯೂ ‘ಅಗ್ಫಾ ಕ್ಲಿಕ್ ೩’ ಎಂಬ, ಇದೇ ೧೨೦ರ ಫಿಲ್ಮಿನ ಸರಳ ಕ್ಯಾಮರಾ ಅನೇಕ ಮನೆಗಳಲ್ಲಿತ್ತು. ತೀರಿಹೋದ ಹಿರಿಯರ ಮುಖವು ಎಷ್ಟೋ ಸಂಸಾರಗಳಿಗೆ ಇಂತಹ ಚೌಕದಲ್ಲಿ ಮಾತ್ರ ಉಳಿದಿದೆ. ಅದನ್ನು ತೆಗೆದವರು ಬಿಸಿಲಿಗೆ ಬೆನ್ನುಕೊಟ್ಟು, ಉಸಿರು ಬಿಗಿಹಿಡಿದು, ಮುಖವು ಸ್ಪಷ್ಟವಾಗಿ ಬರಲಪ್ಪಾ ಎಂದು ಹಾರೈಸಿ ಗುಂಡಿ ಒತ್ತಿದರು. ಅಜ್ಜಿಯ ಒಂದೇ ಒಂದು ಚಿತ್ರದಲ್ಲಿ ಮುಖದ ಮೇಲೆಯೇ ಬೆಳಕಿನ ಪಟ್ಟೆ ಬಿದ್ದಿದ್ದರೆ ಆ ಮನೆಯವರು ಕಣ್ಣೀರಿಡುತ್ತಿದ್ದರು. ಬಡವರ ಕಣ್ಣೀರಿಗೆ ಕಾರಣವಾದುದನ್ನು ಉಳ್ಳವರು ಅಲಂಕಾರವೆಂದು ಮೆರೆಯಿಸುವುದು ಯಾವ ರಸಿಕತೆ?

ಆದುದರಿಂದ ತರುಣರಲ್ಲಿ ನನ್ನ ಅರಿಕೆ ಇಷ್ಟೆ. ಪೆಟ್ಟಿಗೆಯನ್ನು ಬಿಡಬೇಡಿರಿ. ಅದರ ಸಂದುಗಳಿಗೆ ಕಪ್ಪು ಪಟ್ಟಿ ಅಂಟಿಸಿ, ಹನ್ನೆರಡು ಚಿತ್ರಗಳಿಗೂ ಹನ್ನೆರಡು ಕಾರಣಗಳನ್ನು ಕಂಡುಕೊಂಡು ಹೊರಡಿರಿ. ಇಷ್ಟಾದ ಮೇಲೂ ಒಂದು ದೋಷವು ತಾನಾಗಿ ಬಂದು ರಸಕ್ಕೆ ಒದಗಿದರೆ ಅದನ್ನು ಸ್ವೀಕರಿಸಿರಿ. ಒದಗದಿದ್ದರೆ ಆ ಚಿತ್ರವನ್ನು ಕೆಟ್ಟುದೆಂದೇ ಕರೆಯಿರಿ.