ಕನಸಿಗೊಂದು ಚೀಟಿ, ಬೀಡಿಗೊಂದು ಚೀಟಿ

2020ರ ಮಾರ್ಚ್ 6ರ ನಸುಕಿನಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೆದ್ದಾರಿಯಲ್ಲಿ ಎರಡು ಕಾರು ಡಿಕ್ಕಿಯಾಗಿ 13 ಮಂದಿ ಸತ್ತರು. ಸತ್ತವರ ಲೆಕ್ಕ ಮಾರನೇ ದಿನದ ಪತ್ರಿಕೆಯಲ್ಲಿ ಬಂತು. ಇಂಥ ಅಪಘಾತಗಳಲ್ಲಿ ಬದುಕಿ ಉಳಿದವರು, ಸದ್ದು ಕೇಳಿ ಮೊದಲು ಓಡಿ ಬಂದ ತೋಟದವರು, ಬಾಗಿಲು ಮೀಟಿ ಹೆಣ ಎಳೆದವರು, 108ರ ಡ್ರೈವರ್ ಇವರ ಲೆಕ್ಕವನ್ನು ಮಾತ್ರ ಯಾವ ಠಾಣೆಯೂ ಬರೆದಿಡುವುದಿಲ್ಲ. ತುಮಕೂರಿನ ಮೇಲೆ ಪುಣೆ ಹೆದ್ದಾರಿ, ಕುಣಿಗಲ್ ಮೇಲೆ ಮಂಗಳೂರು ಹೆದ್ದಾರಿ, ಗುಬ್ಬಿಯ ಮೇಲೆ ಶಿವಮೊಗ್ಗದ ರಸ್ತೆ. ಲಾರಿ ನಿಲ್ಲುವ ಊರುಗಳಿವು.

ಕಣ್ಣೆದುರು ಸಾವು ಕಂಡವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಸುಧಾರಿಸಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ. ತಿಂಗಳು ಕಳೆದರೂ ಅದೇ ಕನಸು, ಬ್ರೇಕಿನ ಸದ್ದಿಗೆ ಮೈ ಜುಮ್ಮೆನ್ನುವುದು, ಆ ಜಾಗ ಬೇಡವೆಂದು ನಾಲ್ಕು ಮೈಲಿ ಸುತ್ತಿ ಹೋಗುವುದು, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುವುದು. ವೈದ್ಯರು 1980ರಿಂದ ಇದನ್ನು ಪಿಟಿಎಸ್‌ಡಿ ಎನ್ನುತ್ತಾರೆ. ಮನೆಯಲ್ಲಿ ‘ದಿಗಿಲು ಬಿದ್ದವ್ನೆ’ ಎಂದು ತಾಯತ ಕಟ್ಟಿಸುತ್ತಾರೆ. ಅವನು ಬೀಡಿ ಸೇದುವವನಾಗಿದ್ದರೆ ದಿನಕ್ಕೊಂದು ಕಟ್ಟು ಇದ್ದದ್ದು ಎರಡಾಗುತ್ತದೆ.

ಇಂಥವನು ಆಸ್ಪತ್ರೆಗೆ ಬಂದರೆ ಏನಾಗುತ್ತದೆ? ಕನಸಿನ ಮಾತು ಮನೋವೈದ್ಯರಿಗೆ, ಬೀಡಿಯ ಮಾತು ತಂಬಾಕು ವ್ಯಸನ ಬಿಡಿಸುವ ಕೇಂದ್ರಕ್ಕೆ. ಇವರು ‘ಅಲ್ಲಿ ಹೋಗಿ’ ಎನ್ನುತ್ತಾರೆ, ಅವರು ‘ಮೊದಲು ಮನಸ್ಸು ತಹಬಂದಿಗೆ ಬರಲಿ, ಆಮೇಲೆ ಬೀಡಿ ನೋಡೋಣ’ ಎನ್ನುತ್ತಾರೆ. ಪಾಪ, ಇರುವುದೊಂದು ಆಸರೆ, ಅದನ್ನೂ ಯಾಕೆ ಕಿತ್ತುಕೊಳ್ಳಬೇಕು ಎಂಬ ಕರುಣೆ ಇದರ ಹಿಂದಿದೆ. ಈ ಕರುಣೆಯೇ ತಪ್ಪು ಜಾಗದಲ್ಲಿದೆ ಎನ್ನುವುದು ನನ್ನ ತಕರಾರು.

ನಿಕೋಟಿನ್ ಮಾಡುವ ಕಣ್ಕಟ್ಟು ನೋಡಿ. ದಮ್ಮು ಎಳೆದ ಕೆಲವೇ ಸೆಕೆಂಡಿನಲ್ಲಿ ಅದು ಮಿದುಳು ಮುಟ್ಟುತ್ತದೆ. ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ. ಇಳಿದಾಗ ಚಡಪಡಿಕೆ, ಸಿಡುಕು, ಎಲ್ಲೂ ಮನಸ್ಸು ನಿಲ್ಲದಿರುವುದು. ಪೂರ್ತಿ ಬಿಟ್ಟರೆ ನಿದ್ದೆಗೂ ಕುತ್ತು. ಆಘಾತ ಉಂಡವನಿಗೆ ಇವೆಲ್ಲ ಮೊದಲೇ ಇವೆ. ಆದ್ದರಿಂದ ಬೀಡಿಯ ಹಸಿವು ಕೆರಳಿದಾಗಲೂ ಅವನಿಗೆ ಅನಿಸುವುದು ‘ಆ ರಾತ್ರಿ ಮತ್ತೆ ಬಂತು’ ಎಂದು. ಹಚ್ಚುತ್ತಾನೆ, ತಣ್ಣಗಾಗುತ್ತಾನೆ. ‘ಒಂದ್ ದಮ್ ಎಳುದ್ರೆ ತಲೆ ನಿಲ್ತದೆ ಸಾರ್’ ಎನ್ನುತ್ತಾನೆ. ಸುಳ್ಳಲ್ಲ, ನಿಲ್ಲುತ್ತದೆ. ಅಲ್ಲಾಡಿಸಿದ್ದರಲ್ಲಿ ಹಿಂದಿನ ಬೀಡಿಯ ಪಾಲೂ ಇತ್ತು ಎಂಬುದು ಅವನಿಗೆ ತಿಳಿಯುವ ಬಗೆಯಿಲ್ಲ. ಕನಸಿಗೆ ಚಿಕಿತ್ಸೆ ಕೊಡುವವರೇ ಕೂತು ಇದು ಕನಸಿನ ಕಾಟ, ಇದು ಬೀಡಿಯ ಕಾಟ ಎಂದು ಬಿಡಿಸಿ ಹೇಳಬೇಕು. ಬೇರೆ ಕೊಠಡಿಯಲ್ಲಿ ಕೂತವರಿಗೆ ಇದು ಕಷ್ಟ.

ಅಮೆರಿಕದಲ್ಲಿ ಮಾಜಿ ಸೈನಿಕರ 10 ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೇನೆಯಲ್ಲಿದ್ದಾಗ ಆಘಾತ ಉಂಡು ಪಿಟಿಎಸ್‌ಡಿಗೆ ಸಿಕ್ಕಿದ್ದ, ಸಿಗರೇಟು ಸೇದುವ 943 ಮಂದಿ. ಅರ್ಧದಷ್ಟು ಜನಕ್ಕೆ ಮನಸ್ಸಿನ ಚಿಕಿತ್ಸೆ ಕೊಡುವವರೇ ಸಿಗರೇಟನ್ನೂ ಬಿಡಿಸಿದರು. ಉಳಿದವರನ್ನು ಸಿಗರೇಟು ಬಿಡಿಸುವ ಕ್ಲಿನಿಕ್ಕಿಗೆ ಕಳಿಸಿದರು. ದೀರ್ಘಕಾಲ ಬಿಟ್ಟವರು ಮೊದಲ ಗುಂಪಿನಲ್ಲಿ ಶೇ 8.9, ಎರಡನೆಯದರಲ್ಲಿ ಶೇ 4.5. ನೂರರಲ್ಲಿ ಒಂಬತ್ತು ಮಂದಿಯೂ ಇಲ್ಲ, ಇದಕ್ಕೆ ಡೋಲು ಬಾರಿಸುವುದು ಬೇಡ. ಆದರೂ ದುಪ್ಪಟ್ಟು. ಬಿಟ್ಟವರ ಪಿಟಿಎಸ್‌ಡಿ ಕೆರಳಲಿಲ್ಲ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ‘ಬೀಡಿ ಬಿಟ್ಟರೆ ತಲೆ ಇನ್ನೂ ಕೆಡುತ್ತದೆ’ ಎಂಬ ಭಯಕ್ಕೆ ಅದು ಉತ್ತರ.

ಔಷಧದ ಭಯವೂ ಹೀಗೇ. ತಂಬಾಕು ಬಿಡಲು ಕೊಡುವ ವರೆನಿಕ್ಲಿನ್ ಮಾತ್ರೆ ಮನಸ್ಸನ್ನು ಕೆಡಿಸುತ್ತದೆಂಬ ಪುಕಾರು ಬಹಳ ದಿನ ಇತ್ತು. ಮನೋರೋಗ ಇದ್ದವರೂ ಇಲ್ಲದವರೂ ಸೇರಿ 8000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಬಂದ ಮೇಲೆ ಅಮೆರಿಕದ ಔಷಧ ನಿಯಂತ್ರಕರು ಅದರ ಮೇಲಿನ ಕಡುಎಚ್ಚರಿಕೆಯನ್ನು ತೆಗೆದುಹಾಕಿದರು. ವೈದ್ಯರ ಚೀಟಿ ಇಲ್ಲದೆ ಇದನ್ನು ನುಂಗಬೇಡಿ, ಅಷ್ಟೇ.

ಎರಡನ್ನೂ ಒಟ್ಟಿಗೆ ನೋಡಲು ತುಮಕೂರಿಗೆ ಹೊಸ ಕಟ್ಟಡವೇನೂ ಬೇಕಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕೂರಿಸುವ ಪದ್ಧತಿ ರಾಜ್ಯದಲ್ಲಿದೆ. ಗುಬ್ಬಿ, ಕುಣಿಗಲ್‌ನಲ್ಲಿ ಆ ದಿನದ ಚೀಟಿಯ ಮೇಲೆಯೇ ‘ಬೀಡಿ, ಸಿಗರೇಟು, ಹೊಗೆಸೊಪ್ಪು?’ ಎಂದೊಂದು ಸಾಲು ಇರಲಿ. ಹೊಗೆಸೊಪ್ಪನ್ನು ಬೇಕೆಂದೇ ಸೇರಿಸಿದ್ದೇನೆ. ಗಂಡನ ಹೊಡೆತ ತಿಂದು ಬೆಚ್ಚಿಬೀಳುವ ಹೆಂಗಸು ಬೀಡಿ ಸೇದುವುದಿಲ್ಲ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾಳೆ, ಅವಳನ್ನು ಯಾರೂ ಕೇಳುವುದಿಲ್ಲ. ಜಿಲ್ಲಾ ತಂಬಾಕು ನಿಯಂತ್ರಣ ಕೋಶದ ಆಪ್ತಸಮಾಲೋಚಕರು ಆ ಒಂದು ದಿನವಾದರೂ ಮನೋವೈದ್ಯರ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳಲಿ. ವೈದ್ಯರಿಗೆ ಪುರುಸೊತ್ತಿಲ್ಲ ಎನ್ನುತ್ತಾರೆ. ಸಾಲು ಉದ್ದ ಇರುವುದು ನಿಜ. ಆದರೆ ಅದೇ ರೋಗಿಯನ್ನು ಎರಡು ಸಾಲಿನಲ್ಲಿ ನಿಲ್ಲಿಸುತ್ತಿರುವವರೂ ನಾವೇ.

ಫೋನಿನಲ್ಲೂ ಇದೇ ಪಾಡು. ತಂಬಾಕು ಬಿಡಲು ಸಹಾಯವಾಣಿ 1800 112 356. 2018ರಿಂದ ಬೀಡಿ, ಸಿಗರೇಟಿನ ಪೊಟ್ಟಣದ ಮೇಲೆ ಅಚ್ಚಾಗುತ್ತಿದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಎರಡೂ ಉಚಿತ, ಎರಡರಲ್ಲೂ ಕನ್ನಡವಿದೆ, ಎರಡರ ಹಿಂದೆಯೂ ಬೆಂಗಳೂರಿನ ನಿಮ್ಹಾನ್ಸ್ ಇದೆ. ಸದ್ಯಕ್ಕೆ ಯಾವುದಕ್ಕೆ ಕರೆ ಮಾಡಿದರೂ ಇನ್ನೊಂದರ ಮಾತನ್ನು ನೀವೇ ತೆಗೆಯಿರಿ: ಬೀಡಿಯವರಿಗೆ ಕನಸು ಹೇಳಿ, ಕನಸಿನವರಿಗೆ ಬೀಡಿ ಹೇಳಿ.