ಖಾಸಗಿತನ ನಮ್ಮ ಹಕ್ಕು, ಕಳ್ಳಲೆಕ್ಕ ನಮ್ಮ ಹಕ್ಕಲ್ಲ

2022ರ ಫೆಬ್ರವರಿಯಲ್ಲಿ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಗೇಟು ಶಿರವಸ್ತ್ರ ಧರಿಸಿದ ನಮ್ಮ ಹೆಣ್ಣು ಮಕ್ಕಳ ಮುಂದೆ ಮುಚ್ಚಿಕೊಂಡಿತು. ಹಿಜಾಬ್ ವಿವಾದವು ಸುಪ್ರೀಮ್ ಕೋರ್ಟನ್ನು ತಲುಪಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಿನ್ನ ತೀರ್ಪು ಬಂದಾಗ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಶಾಲೆಯ ಬಾಗಿಲಲ್ಲಿ ಹಿಜಾಬ್ ಕಳಚುವಂತೆ ಹೇಳುವುದು ಬಾಲಕಿಯ ಖಾಸಗಿತನ ಮತ್ತು ಘನತೆಯ ಮೇಲಿನ ಆಕ್ರಮಣವೆಂದು ಬರೆದರು. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಭತ್ತು ನ್ಯಾಯಮೂರ್ತಿಗಳ ಪೀಠವು ಸಾರಿತ್ತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇಷ್ಟು ಬೆಲೆಯುಳ್ಳ ಆ ಪದವನ್ನು ಇಂದು ಬೇರೊಂದು ವ್ಯಾಪಾರಕ್ಕಾಗಿ ಬಳಸಲಾಗುತ್ತಿದೆ. ಕಳುಹಿಸಿದವನು ಯಾರು, ಪಡೆದವನು ಯಾರು, ಮೊತ್ತವೆಷ್ಟು ಎಂಬುದನ್ನು ಮರೆಮಾಚುವ ಮೊನೆರೊ, ಝೀಕ್ಯಾಶ್‌ನಂತಹ ಕ್ರಿಪ್ಟೊ ನಾಣ್ಯಗಳನ್ನು 'ಖಾಸಗಿತನದ ನಾಣ್ಯ'ಗಳೆಂದು ಹೊಗಳಲಾಗುತ್ತಿದೆ. ಬ್ಯಾಂಕು ಬೇಡ, ತೆರಿಗೆ ಬೇಡ, ಯಾರ ಕಣ್ಣಿಗೂ ಬೀಳದೆ ಗಲ್ಫ್‌ನ ಹಣ ಮನೆ ಸೇರುತ್ತದೆ ಎಂಬ ಮಾತು ಶಿರೂರಿನಿಂದ ಬ್ರಹ್ಮಾವರದ ತನಕದ ನಮ್ಮ ಯುವಕರಿಗೆ ರುಚಿಸದೆ ಇರದು. ಈ ತಾಲೂಕುಗಳ ಎಷ್ಟೋ ಮನೆಗಳ ಅಡಿಪಾಯದಲ್ಲಿ ದುಬೈ, ಸೌದಿಗಳ ಬೆವರಿದೆ. ಹುಂಡಿ, ಹವಾಲಾಗಳ ಆಮಿಷವೂ ಹಳೆಯದೇ. ಈಗ ಬಂದಿರುವುದು ಅದೇ ಆಮಿಷದ ಹೊಸ ಅಂಗಿ.

ಹಾಗೆಂದು ಈ ನಾಣ್ಯಗಳಲ್ಲಿ ಪ್ರಯೋಜನವೇ ಇಲ್ಲವೆನ್ನುವುದು ನ್ಯಾಯವಲ್ಲ. ಬಿಟ್‌ಕಾಯಿನ್‌ನ ಲೆಕ್ಕ ಪುಸ್ತಕ ಇಡೀ ಲೋಕಕ್ಕೆ ತೆರೆದಿರುವಂಥದ್ದು. ಒಬ್ಬನ ವಿಳಾಸ ಒಮ್ಮೆ ತಿಳಿದರೆ ಆ ವಿಳಾಸದ ಮೂಲಕ ಬಂದ ಸಂಬಳ, ಕೊಟ್ಟ ದಾನ, ಉಳಿದ ಹಣ ಎಲ್ಲವನ್ನೂ ಅಪರಿಚಿತನೂ ಓದಬಹುದು. ವ್ಯಾಪಾರಿಗೆ ತನ್ನ ಪ್ರತಿಸ್ಪರ್ಧಿಯಿಂದ, ಉಳಿತಾಯಗಾರನಿಗೆ ಸುಲಿಗೆಕೋರನಿಂದ, ಸರ್ವಾಧಿಕಾರದ ನಾಡಿನಲ್ಲಿ ಪತ್ರಕರ್ತನಿಗೆ ಪೊಲೀಸರಿಂದ ರಕ್ಷಣೆ ಬೇಕು. 2016ರ ನವೆಂಬರ್ 8ರ ರಾತ್ರಿ ಕೈಯಲ್ಲಿದ್ದ ನೋಟು ಕಾಗದವಾದುದನ್ನು ಕಂಡ ಜನರಿಗೆ, ಸರಕಾರದ ಹಿಡಿತವಿಲ್ಲದ ಹಣ ಆಕರ್ಷಕವೆನಿಸಿದರೆ ಅವರನ್ನು ಮೂರ್ಖರೆನ್ನುವಂತಿಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲೇನಿದೆ? ಕ್ರಿಪ್ಟೊ ಹೊಂದುವುದೇ ಅಪರಾಧವೆನ್ನುವ ಕಾನೂನು ನಮ್ಮಲ್ಲಿಲ್ಲ. ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸುಪ್ರೀಮ್ ಕೋರ್ಟು 2020ರ ಮಾರ್ಚ್‌ನಲ್ಲಿ ರದ್ದುಗೊಳಿಸಿತು. ಆದರೆ 2022ರ ಬಜೆಟ್ ಲಾಭದ ಮೇಲೆ ಶೇಕಡಾ 30ರ ತೆರಿಗೆಯನ್ನೂ, ವರ್ಗಾವಣೆಗೆ ಶೇಕಡಾ 1ರ ಕಡಿತವನ್ನೂ ತಂದಿತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚ್‌ನಲ್ಲಿ ಕ್ರಿಪ್ಟೊ ವಹಿವಾಟನ್ನು ಹಣ ದುರ್ಬಳಕೆ ತಡೆ ಕಾಯ್ದೆಯ ವ್ಯಾಪ್ತಿಗೆ ಸೇರಿಸಲಾಯಿತು. ಈ ಕಾಯ್ದೆಯಲ್ಲಿ ಜಾಮೀನು ದುರ್ಲಭ. ಹಣ ಕಳಂಕಿತವಲ್ಲವೆಂದು ತೋರಿಸುವ ಹೊರೆ ಆರೋಪಿಯ ಹೆಗಲ ಮೇಲಿದೆ. 2022ರ ಜುಲೈನಲ್ಲಿ ಸುಪ್ರೀಮ್ ಕೋರ್ಟು ಈ ಕಠಿಣ ಷರತ್ತುಗಳನ್ನು ಎತ್ತಿಹಿಡಿಯಿತು. ನಮ್ಮ ದೃಷ್ಟಿಯಲ್ಲಿ ಅದು ನ್ಯಾಯಕ್ಕೆ ಒಪ್ಪುವ ಕಾಯ್ದೆಯಲ್ಲ. ಆದರೆ ಕಾಯ್ದೆ ಇದೆ.

ಈಗ ಯೋಚಿಸಿ. ಜಾಡೇ ಉಳಿಯದ ನಾಣ್ಯವನ್ನು ಕೊಂಡ ಯುವಕನೊಬ್ಬ, ತನ್ನ ಹಣ ದುಡಿಮೆಯದ್ದೆಂದು ಯಾವ ದಾಖಲೆಯಿಂದ ತೋರಿಸುತ್ತಾನೆ? ದಾಖಲೆ ಅಳಿಸುವುದೇ ಆ ನಾಣ್ಯದ ಹೆಚ್ಚುಗಾರಿಕೆಯಲ್ಲವೇ? ಅಪರಿಚಿತನಿಗೆ ನಾಣ್ಯ ಮಾರಿ ಪಡೆದ ರೂಪಾಯಿ ಯಾವುದೋ ವಂಚನೆಯ ಹಣವಾಗಿದ್ದರೆ ತಂದೆಯ ಬ್ಯಾಂಕ್ ಖಾತೆಯೂ ಸ್ತಂಭಿಸಬಹುದು. ಆರೋಪಿಯ ಹೆಸರು ಮುಸ್ಲಿಮ್ ಆಗಿದ್ದರೆ, ತೆರಿಗೆಯ ತಪ್ಪು ಟಿ.ವಿ. ಪರದೆಯ ಮೇಲೆ ಭಯೋತ್ಪಾದನೆಯ ನಂಟಾಗಲು ಎಷ್ಟು ಹೊತ್ತು ಬೇಕು? ಅನ್ಯಾಯದ ಸಂಶಯವನ್ನು ಎದುರಿಸುತ್ತಿರುವ ಸಮುದಾಯವು ಆ ಸಂಶಯಕ್ಕೆ ತಾನೇ ಎಣ್ಣೆ ಸುರಿಯುವುದು ಶೌರ್ಯವಲ್ಲ.

ಗಲ್ಫ್ ಈ ನಾಣ್ಯಗಳಿಗೆ ಸ್ವರ್ಗವೆಂದು ನಂಬಿದವರು ತಿಳಿದಿರಲಿ: ದುಬೈಯ ನಿಯಂತ್ರಣ ಪ್ರಾಧಿಕಾರವೇ 2023ರ ಫೆಬ್ರವರಿಯ ನಿಯಮಗಳಲ್ಲಿ ಗುರುತು ಮರೆಸುವ ನಾಣ್ಯಗಳ ವಹಿವಾಟನ್ನು ನಿಷೇಧಿಸಿದೆ. ಬೈನಾನ್ಸ್ ಎಂಬ ದೊಡ್ಡ ಪೇಟೆ 2024ರ ಫೆಬ್ರವರಿಯಲ್ಲಿ ಮೊನೆರೊವನ್ನು ಹೊರಹಾಕಿತು. ಯುರೋಪಿನ ಒಕ್ಕೂಟ ಅಂಗೀಕರಿಸಿರುವ ಕಾನೂನಿನ ಪ್ರಕಾರ 2027ರ ಜುಲೈ 10ರಿಂದ ಅಲ್ಲಿನ ಸೇವಾ ಸಂಸ್ಥೆಗಳು ಇವುಗಳನ್ನು ಮುಟ್ಟುವಂತಿಲ್ಲ. ಕೊಳ್ಳುವುದು ಸುಲಭ, ಮಾರಲು ಪೇಟೆಯೇ ಇಲ್ಲ ಎಂಬ ದಿನಗಳು ಬರುತ್ತಿವೆ.

ಕ್ರಿಪ್ಟೊ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಈಜಿಪ್ಟಿನ ದಾರುಲ್ ಇಫ್ತಾ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರವನ್ನು ನಿಷಿದ್ಧವೆಂದಿತು. ಷರತ್ತುಗಳೊಂದಿಗೆ ಸಮ್ಮತವೆಂದವರೂ ಇದ್ದಾರೆ. ಆ ಚರ್ಚೆಯನ್ನು ವಿದ್ವಾಂಸರಿಗೇ ಬಿಡೋಣ. ಆದರೆ ಲೆಕ್ಕದ ವಿಷಯದಲ್ಲಿ ಪವಿತ್ರ ಕುರ್‌ಆನಿನ ಮಾರ್ಗದರ್ಶನ ಸ್ಪಷ್ಟವಾಗಿದೆ. ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತವು ಇತರರ ಗುಟ್ಟನ್ನು ಕೆದಕುವುದನ್ನು ತಡೆಯುತ್ತದೆ. ಇದು ಖಾಸಗಿತನದ ರಕ್ಷಣೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾದ ಅಲ್ ಬಕರದ 282ನೆಯದ್ದು ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನಿಡಿ ಎಂದು ಆದೇಶಿಸುತ್ತದೆ. ಇದು ವ್ಯವಹಾರದ ಪಾರದರ್ಶಕತೆ. ದಾನವನ್ನು ಗುಟ್ಟಾಗಿ ಕೊಡುವುದು ಉತ್ತಮವೆಂದ ಅದೇ ಅಧ್ಯಾಯವು ಲೇವಾದೇವಿಗೆ ಬರಹ ಬೇಕೆನ್ನುತ್ತದೆ. ಮೊದಲ ಸೂಕ್ತವನ್ನು ಮೈಕಿನಲ್ಲಿ ಹೇಳಿ ಎರಡನೆಯದನ್ನು ನುಂಗುವವರು ಧರ್ಮದ ಹೆಸರಿನಲ್ಲಿ ವ್ಯಾಪಾರ ಮಾಡುವವರು. 'ಹಲಾಲ್ ಹೂಡಿಕೆ' ಎಂಬ ಫಲಕವನ್ನು ನಂಬಿ ಬೆಂಗಳೂರಿನ ಐಎಮ್‌ಎ ಸಂಸ್ಥೆಯಲ್ಲಿ ಹಣವಿಟ್ಟ ಸಾವಿರಾರು ಕುಟುಂಬಗಳು 2019ರ ಜೂನ್‌ನಲ್ಲಿ ಬೀದಿಗೆ ಬಂದುದನ್ನು ಇಷ್ಟು ಬೇಗ ಮರೆಯುವುದೇ?

ಸರಕಾರಕ್ಕೂ ನಾವು ಹೇಳಬೇಕಾದುದಿದೆ. 2023ರ ದತ್ತಾಂಶ ರಕ್ಷಣಾ ಕಾಯ್ದೆಯು ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಪ್ರಜೆಯ ಪ್ರತಿಯೊಂದು ರೂಪಾಯಿಯನ್ನು ನೋಡಬಯಸುವ ಪ್ರಭುತ್ವವು ತನ್ನ ಮೇಲೆ ಯಾರ ಕಣ್ಣೂ ಬೀಳಬಾರದೆಂದು ಬಯಸಿದರೆ ಜನ ಕತ್ತಲೆಯ ದಾರಿಯನ್ನೇ ಹುಡುಕುತ್ತಾರೆ. ಅದನ್ನು ಸಂಸತ್ತಿನಲ್ಲಿ, ನ್ಯಾಯಾಲಯದಲ್ಲಿ, ಬೀದಿಯಲ್ಲಿ ಪ್ರಶ್ನಿಸೋಣ. ನಮ್ಮ ಜಮಾಅತ್‌ಗಳು ಊರೂರಲ್ಲಿ ಯುವಕರನ್ನು ಕೂರಿಸಿ, ಬ್ಯಾಂಕಿನ ಮೂಲಕ ಹಣ ಕಳುಹಿಸುವ ಕ್ರಮ, ತೆರಿಗೆ, ಖಾತೆ ಬಾಡಿಗೆಗೆ ಕೊಡುವುದರ ಅಪಾಯ ಇವುಗಳನ್ನು ತಿಳಿಸಲಿ. ಜುಮಾ ಪ್ರವಚನದಲ್ಲೂ ಇದಕ್ಕೆ ಐದು ನಿಮಿಷ ಸಿಗಲಿ.

ಖಾಸಗಿತನವೆಂಬ ಪದವನ್ನು ನಾವೇ ಕಳ್ಳಲೆಕ್ಕದ ಮರೆಯಾಗಿಸಿದರೆ, ನಾಳೆ ಕಾಲೇಜಿನ ಗೇಟಿನಲ್ಲಿ ನಮ್ಮ ಮಗಳು ಅದೇ ಪದವನ್ನು ಉಚ್ಚರಿಸುವಾಗ ನಂಬುವವರು ಯಾರು?